ಪ್ರವಾಸಕ್ಕೆ ಯಾವ ಆಂಟೆನಾ? ಮೊದಲು ಯಾರ ಜೊತೆ ಮಾತಾಡಬೇಕು ಹೇಳಿ

ಹ್ಯಾಮ್ ರೇಡಿಯೋ ಹವ್ಯಾಸಕ್ಕೆ ಬಂದು ಹೊಸದಾಗಿ ಕಾಲ್‌ಸೈನ್ (ಪರವಾನಗಿಯ ಜೊತೆ ಸಿಗುವ ಗುರುತಿನ ಹೆಸರು) ಪಡೆದವರು, ಚಿಕ್ಕದೊಂದು ಎಚ್‌ಎಫ್ ರಿಗ್ (ಶಾರ್ಟ್‌ವೇವ್‌ನಲ್ಲಿ ಮಾತಾಡುವ ರೇಡಿಯೋ ಸೆಟ್) ಕೊಂಡವರು, ರಜೆಗೆ ಊರಿಗೋ ಚಾರಣಕ್ಕೋ ಹೊರಟು ನಿಂತವರು, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸರ್, ಬ್ಯಾಗಲ್ಲಿ ಹಾಕ್ಕೊಂಡು ಹೋಗೋಕೆ ಯಾವ ಆಂಟೆನಾ ತಗೊಳ್ಳಲಿ?" ಕೇಳುವಾಗಲೇ ಮೊಬೈಲ್‌ನಲ್ಲಿ ಒಂದು ಚಿತ್ರವನ್ನೂ ತೋರಿಸುತ್ತಾರೆ. ಎಳೆದರೆ ಉದ್ದವಾಗುವ ಸ್ಟೀಲ್ ಕಡ್ಡಿ, ಅದರ ಬುಡದಲ್ಲಿ ಕಾಯಿಲ್ (ತಂತಿಯ ಸುರುಳಿ), ಮೂರು ಕಾಲಿನ ಸ್ಟ್ಯಾಂಡ್, ಎಲ್ಲವೂ ಒಂದು ಪುಟ್ಟ ಚೀಲದಲ್ಲಿ. ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ.

ನಾನು ತಿರುಗಿ ಕೇಳುವುದು ಒಂದೇ. ಅಲ್ಲಿ ಹೋಗಿ ಯಾರ ಜೊತೆ ಮಾತಾಡಬೇಕು? ಶಿರಸಿಯ ತೋಟದ ಮನೆಯಿಂದ ಬೆಂಗಳೂರಿನ ಗೆಳೆಯರ ಜೊತೆಗೋ, ಯುರೋಪು, ಜಪಾನಿನವರ ಜೊತೆಗೋ? ಆಂಟೆನಾ ಆಯ್ಕೆಯಲ್ಲಿ ತೂಕ, ಬೆಲೆ, ಬ್ರ್ಯಾಂಡ್ ಎಲ್ಲ ಆಮೇಲೆ. ಮೊದಲು ದೂರ.

ಯಾಕೆ ಅಂತ ವಿವರಿಸುತ್ತೇನೆ, ಇಡೀ ಉತ್ತರದ ಬೇರು ಇಲ್ಲೇ ಇದೆ. ಶಿರಸಿಯಿಂದ ಬೆಂಗಳೂರು ನೇರ ಗೆರೆಯಲ್ಲಿ ಸುಮಾರು 350 ಕಿ.ಮೀ. ನಮ್ಮ ತರಂಗಗಳನ್ನು ಕೆಳಕ್ಕೆ ಬಾಗಿಸುವ ಅಯಾನುಗೋಲದ (ವಾತಾವರಣದ ಮೇಲ್ಭಾಗದ ವಿದ್ಯುದಂಶವುಳ್ಳ ವಲಯದ) ಎಫ್ ಪದರ ಸುಮಾರು 300 ಕಿ.ಮೀ. ಎತ್ತರದಲ್ಲಿದೆ. ಅಂದರೆ ಶಿರಸಿಯಿಂದ ಹೊರಟ ತರಂಗ ದಾರಿಯ ನಡುಮಧ್ಯದಲ್ಲಿ ಆ ಎತ್ತರ ಮುಟ್ಟಿ ಬೆಂಗಳೂರಿಗೆ ಇಳಿಯಬೇಕಾದರೆ ಹೊರಡುವಾಗಲೇ ಸುಮಾರು 60 ಡಿಗ್ರಿ ಕೋನದಲ್ಲಿ ಮೇಲಕ್ಕೆ ಏರಬೇಕು. ನೆಟ್ಟಗೆ ನಿಲ್ಲಿಸಿದ ಕಡ್ಡಿ ಆಂಟೆನಾ ತನ್ನ ಶಕ್ತಿಯ ಬಹುಪಾಲನ್ನು ದಿಗಂತದ ಕಡೆಗೆ, ತಗ್ಗು ಕೋನದಲ್ಲಿ ಕಳಿಸುತ್ತದೆ. ನೆತ್ತಿಯ ಮೇಲಕ್ಕೆ ಅದು ಕಳಿಸುವುದು ಶೂನ್ಯಕ್ಕೆ ಹತ್ತಿರ. ಹಾಗಾಗಿ ಆ ಕಡ್ಡಿ ಇಟ್ಟುಕೊಂಡು ಎರಡು ಸಾವಿರ ಕಿ.ಮೀ. ಆಚೆಯವರನ್ನು ಮುಟ್ಟಬಹುದು, ಪಕ್ಕದ ಜಿಲ್ಲೆಯವರಿಗೆ ಕೇಳಿಸುವುದೇ ಇಲ್ಲ. ಇದು ರಿಗ್‌ನ ದೋಷವೂ ಅಲ್ಲ, ವ್ಯಾಟ್ ಕಡಿಮೆಯಾದದ್ದೂ ಅಲ್ಲ.

ಅದೇ ಒಂದು ತಂತಿಯನ್ನು ಅಡ್ಡವಾಗಿ, ಅಷ್ಟೇನೂ ಎತ್ತರವಲ್ಲದೆ ಕಟ್ಟಿದರೆ ಅದು ನೇರ ಆಕಾಶಕ್ಕೆ ಎಸೆಯುತ್ತದೆ. 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7 ಮೆಗಾಹರ್ಟ್ಸ್‌ನಲ್ಲಿ, ಹಗಲು ಹೊತ್ತು ಹೀಗೆ ಮೇಲೆ ಹೋದದ್ದು ಸುತ್ತಲಿನ ನಾನ್ನೂರು ಐನೂರು ಕಿ.ಮೀ. ತುಂಬ ಮಳೆಯ ಹಾಗೆ ಇಳಿಯುತ್ತದೆ. ಹ್ಯಾಮ್‌ಗಳು ಇದನ್ನು ಎನ್‌ವಿಐಎಸ್ ಅನ್ನುತ್ತಾರೆ. ಪಶ್ಚಿಮ ಘಟ್ಟದ ಕಣಿವೆಯಲ್ಲಿ ಕೂತವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಅಡ್ಡ ಬಂದ ಗುಡ್ಡವನ್ನು ವಿಎಚ್‌ಎಫ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ವಾಕಿಟಾಕಿ) ದಾಟಲಾರದು, ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆದರೆ ತಲೆಯ ಮೇಲಿನ ಆಕಾಶ ಮಾತ್ರ ತೆರೆದೇ ಇರುತ್ತದೆ. ಬೆಳಗಿನ ಜಾವ ಅಯಾನುಗೋಲ ಸೊರಗಿದಾಗ ಹತ್ತಿರದವರು ಮಾಯವಾಗಿ ದೂರದವರು ಮಾತ್ರ ಕೇಳಿಸುವುದುಂಟು. ಬಿಸಿಲೇರಿದ ಮೇಲೆ ಸರಿಹೋಗುತ್ತದೆ.

ಹತ್ತಿರದವರನ್ನು ಮುಟ್ಟುವುದಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಹವ್ಯಾಸ ಒಂದೇ ಅಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್ ಬ್ಲೇರ್‌ನಲ್ಲೇ ಇತ್ತು. ಅವರು ಹೋದದ್ದು ಅಪರೂಪದ ದ್ವೀಪದಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡಲು. ಆದರೆ ಅಂದಿನಿಂದ ಅವರ ಉಪಕರಣಗಳು ಬದುಕಿದವರ ಸುದ್ದಿ ಮುಟ್ಟಿಸುವ ಕೆಲಸಕ್ಕೆ ನಿಂತವು. ನಾವು ಹೊತ್ತೊಯ್ಯುವ ಆಂಟೆನಾಕ್ಕೂ ಅಂಥ ದಿನ ಬರಬಹುದು. ಆಗ ನಮಗೆ ಬೇಕಾಗುವುದು ಜಪಾನ್ ಅಲ್ಲ, ಜಿಲ್ಲಾ ಕೇಂದ್ರ.

ಹಾಗಾಗಿ ನನ್ನ ಉತ್ತರ: ಮೊದಲ ಆಂಟೆನಾ ತಂತಿಯ ಡೈಪೋಲ್ (ನಡುವಿನಿಂದ ಎರಡೂ ಕಡೆಗೆ ಸಮನಾದ ತೋಳು ಚಾಚಿದ ಆಂಟೆನಾ) ಆಗಲಿ, ಅದೂ ಪ್ರತಿ ತೋಳಿನ ನಡುವೆ ಕೊಂಡಿ ಇರುವಂಥದ್ದು. ಅರ್ಧ ತರಂಗದ ತಂತಿಯ ಉದ್ದ ಮೀಟರ್‌ನಲ್ಲಿ ಬೇಕಾದರೆ 142.5ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ ಸುಮಾರು 20 ಮೀಟರ್, ಒಂದೊಂದು ತೋಳು 10 ಮೀಟರ್. 14.2ಕ್ಕೆ ತೋಳು 5 ಮೀಟರ್. ಎರಡೂ ತೋಳುಗಳನ್ನು 5 ಮೀಟರಿಗೆ ಕತ್ತರಿಸಿ, ಅಲ್ಲೊಂದು ಬುಲೆಟ್ ಕನೆಕ್ಟರ್ ಹಾಕಿ, ಉಳಿದ 5 ಮೀಟರನ್ನು ಮುಂದಕ್ಕೆ ಸೇರಿಸಿ. ಕೊಂಡಿ ಬಿಚ್ಚಿದರೆ 20 ಮೀಟರ್ ಬ್ಯಾಂಡ್ (14 ಮೆಗಾಹರ್ಟ್ಸ್), ಹಾಕಿದರೆ 40. ಟ್ಯೂನರ್ (ಆಂಟೆನಾವನ್ನು ರಿಗ್‌ಗೆ ಹೊಂದಿಸುವ ಪೆಟ್ಟಿಗೆ) ಬೇಕಿಲ್ಲ. ಪಿವಿಸಿ ಹೊದಿಕೆಯ ತಂತಿಗೆ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಉದ್ದ ಸಾಕಾಗುತ್ತದೆ. ಆದರೂ ಮೊದಲು ಉದ್ದವಾಗಿಯೇ ಇಟ್ಟುಕೊಂಡು, ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಹಾಕಿ ನೋಡುತ್ತ ತುದಿಯನ್ನು ಮಡಚುತ್ತ ಬನ್ನಿ. ನಡುವಿನ ಗಂಟಿನಲ್ಲಿ ಫೆರೈಟ್ ಉಂಗುರದ ಮೇಲೆ ಕೋಆಕ್ಸ್ (ರಿಗ್‌ನಿಂದ ಆಂಟೆನಾಕ್ಕೆ ಹೋಗುವ ಕೇಬಲ್) ಸುತ್ತಿದ ಒಂದು ಚೋಕ್ ಇರಲಿ, ಕೇಬಲ್ಲಿನ ಹೊರಮೈಯಲ್ಲಿ ಕರೆಂಟ್ ಹರಿಯದಂತೆ ಅದು ತಡೆಯುತ್ತದೆ.

ಎತ್ತಲು ಒಂದೇ ಕೋಲು ಸಾಕು. ನಡು 7 ಮೀಟರ್ ಎತ್ತರದಲ್ಲಿ, ಎರಡು ತುದಿಗಳು ನೆಲದಿಂದ 2 ಮೀಟರ್ ಮೇಲೆ ಬರುವಂತೆ ಇಳಿಬಿಟ್ಟರೆ, ಈ ಕಡೆ ತುದಿಯಿಂದ ಆ ಕಡೆ ತುದಿಗೆ 17 ಮೀಟರ್ ಆಸುಪಾಸಿನ ಜಾಗ ಬೇಕಾಗುತ್ತದೆ. ಯಾವುದೇ ಮನೆಯಂಗಳ, ಗುಡ್ಡದ ನೆತ್ತಿ, ಶಾಲೆಯ ಮೈದಾನದಲ್ಲಿ ಅಷ್ಟು ಸಿಗುತ್ತದೆ. ತುದಿಗಳಿಗೆ ನೈಲಾನ್ ಹಗ್ಗ ಕಟ್ಟಿ ಗೂಟಕ್ಕೋ ಗಿಡಕ್ಕೋ ಎಳೆಯಿರಿ. ವಿಮಾನದಲ್ಲಿ ಹೋಗುವವರು ಮಡಚಿದಾಗ 70 ಸೆಂ.ಮೀ. ಒಳಗೆ ಬರುವ ಫೈಬರ್‌ಗ್ಲಾಸ್ ಕೋಲು ನೋಡಿಕೊಳ್ಳಿ, ಸೂಟ್‌ಕೇಸಿಗೆ ಹಿಡಿಯುತ್ತದೆ.

ಮಲೆನಾಡಿನವರು, ದಕ್ಷಿಣ ಕನ್ನಡದವರು ಇಲ್ಲಿ ಇನ್ನೊಂದು ಕೇಳುತ್ತಾರೆ: ಅಡಿಕೆ ಕೊಯ್ಯಲು, ಮದ್ದು ಹೊಡೆಯಲು ಮನೆಯಲ್ಲೇ ದೋಟಿ ಇದೆಯಲ್ಲ, ಅದನ್ನೇ ನಿಲ್ಲಿಸಬಹುದಾ? ಫೈಬರ್‌ಗ್ಲಾಸ್‌ನದಾದರೆ ಧಾರಾಳವಾಗಿ. ಈಗ ಹೆಚ್ಚು ಬಳಕೆಗೆ ಬಂದಿರುವುದು ಕಾರ್ಬನ್ ಫೈಬರ್ ದೋಟಿ. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಡೈಪೋಲಿನ ನಡುವನ್ನು ಹಗ್ಗದಲ್ಲಿ ಒಂದಿಷ್ಟು ದೂರ ತೂಗುಬಿಟ್ಟರೆ ಅದೂ ನಡೆಯುತ್ತದೆ. ಆದರೆ ತಂತಿಯನ್ನು ಅದರ ಮೈಗೇ ಸುತ್ತಿ ಲಂಬ ಆಂಟೆನಾ ಮಾಡಲು ಹೋಗಬೇಡಿ, ಟ್ಯೂನಿಂಗ್ ಕೈಗೆ ಸಿಗುವುದಿಲ್ಲ. ಮತ್ತು ಯಾವ ಕೋಲೇ ಇರಲಿ, ಎತ್ತುವ ಮೊದಲು ತಲೆಯೆತ್ತಿ ಕರೆಂಟ್ ಲೈನ್ ಎಲ್ಲಿದೆ ನೋಡಿ. ಕೋಲು ಯಾವ ದಿಕ್ಕಿಗೆ ಬಿದ್ದರೂ ಲೈನಿಗೆ ತಾಗದಷ್ಟು ಅಂತರ ಇರಲೇಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ದೂರದಲ್ಲಿ ಕೇಳಿದರೂ ಸಾಕು, ಕೇಬಲ್ ಕಳಚಿ ಆಂಟೆನಾದಿಂದ ದೂರ ಹೋಗಿ.

ನಡುವಿನಲ್ಲಿ ಕೋಲು ನಿಲ್ಲಿಸಲು ಜಾಗವೇ ಇಲ್ಲ, ಒಂದು ಮರ ಮಾತ್ರ ಇದೆ ಅನ್ನುವವರಿಗೆ ಎಂಡ್‌ಫೆಡ್. ಅದೇ 20 ಮೀಟರ್ ತಂತಿ, ಆದರೆ ತುದಿಯಿಂದ ಊಡುವುದು. ತುದಿಯಲ್ಲಿ ಇಂಪೀಡೆನ್ಸ್ (ತಂತಿ ಒಡ್ಡುವ ತಡೆ) ಎರಡೂವರೆ ಸಾವಿರ ಓಮ್ ಆಸುಪಾಸು ಇರುವುದರಿಂದ ಅದನ್ನು ರಿಗ್‌ಗೆ ಹೊಂದಿಸಲು 49:1 ಟ್ರಾನ್ಸ್‌ಫಾರ್ಮರ್ ಬೇಕು. ಪ್ರೈಮರಿ ಎರಡು ಸುತ್ತು, ಸೆಕೆಂಡರಿ ಹದಿನಾಲ್ಕು ಸುತ್ತು. 40, 20, 15, 10 ನಾಲ್ಕೂ ಬ್ಯಾಂಡು ಒಂದೇ ತಂತಿಯಲ್ಲಿ ಸಿಗುವುದು ಇದರ ದೊಡ್ಡ ಆಕರ್ಷಣೆ, ಪರದೇಶಕ್ಕೆ ಹೋಗುವವರಿಗೆ ನಾನು ಇದನ್ನೂ ಧೈರ್ಯವಾಗಿ ಹೇಳುತ್ತೇನೆ. ಬರೀ 5 ವ್ಯಾಟ್ ಹಾಕಿದರೂ ತಂತಿಯ ತುದಿಯಲ್ಲಿ ನೂರು ವೋಲ್ಟ್ ದಾಟುತ್ತದೆ. ಮಕ್ಕಳು, ದನಕರು ಓಡಾಡುವ ಕಡೆ ಕೈಗೆಟಕುವಂತೆ ಬಿಡಬೇಡಿ.

ಹಾಗಾದರೆ ಆ ಚಿತ್ರದ ಕಡ್ಡಿ ಆಂಟೆನಾ? ಅದಕ್ಕೆ ಒಂದು ಜಾಗ ಇದೆ, ಸಮುದ್ರ ತೀರ. ಉಪ್ಪುನೀರು ಒಣ ನೆಲಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ವಿದ್ಯುತ್ ಹರಿಸುತ್ತದೆ. ಲಂಬ ಆಂಟೆನಾ ಕಳೆದುಕೊಳ್ಳುವ ಶಕ್ತಿಯೆಲ್ಲ ಸಾಮಾನ್ಯವಾಗಿ ನೆಲದಲ್ಲಿ ಇಂಗಿಹೋಗುತ್ತದೆ, ಕಡಲ ಅಂಚಿನಲ್ಲಿ ಆ ನಷ್ಟ ಬಹಳ ತಗ್ಗುತ್ತದೆ. ಐದು ಮೀಟರಿನ ಪೂರ್ಣ ಕಾಲು ತರಂಗದ ಕಡ್ಡಿಯನ್ನು ಮಲ್ಪೆಯಲ್ಲೋ ಗೋಕರ್ಣದಲ್ಲೋ ಅಲೆ ಮುಟ್ಟುವ ಮರಳಿನಲ್ಲಿ ನಿಲ್ಲಿಸಿ, ಬುಡದಿಂದ ನಾಲ್ಕಾರು ರೇಡಿಯಲ್ ತಂತಿ ಹರಡಿ, 14 ಮೆಗಾಹರ್ಟ್ಸ್‌ನಲ್ಲಿ ಕೇಳಿ. ಪಶ್ಚಿಮಕ್ಕೆ ಇಡೀ ಅರಬ್ಬೀ ಸಮುದ್ರ. ಮಂಗಳೂರಿನಿಂದ ದುಬೈ ಸುಮಾರು 2,500 ಕಿ.ಮೀ., ಆ ದೂರಕ್ಕೆ ಬೇಕಾದ ತಗ್ಗು ಕೋನ ಈ ಆಂಟೆನಾಕ್ಕೆ ಸಹಜ. ಇಲ್ಲಿ ನನ್ನ ತಂತಿ ಡೈಪೋಲ್ ಸೋಲುತ್ತದೆ, ಸಂತೋಷದಿಂದ ಒಪ್ಪುತ್ತೇನೆ. ಆದರೆ ಒಂದೂವರೆ ಮೀಟರಿನ ಮೋಟು ಕಡ್ಡಿಗೆ ಕಾಯಿಲ್ ಸೇರಿಸಿ "40 ಮೀಟರ್ ಬ್ಯಾಂಡೂ ನಡೆಯುತ್ತದೆ" ಎಂದು ಮಾರುವುದಿದೆಯಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಎಸ್‌ಡಬ್ಲ್ಯುಆರ್ (ಆಂಟೆನಾ ರಿಗ್‌ಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಒಂದಕ್ಕೊಂದು, ಅಂದರೆ 1:1, ತೋರಿಸಿದರೂ ಶಕ್ತಿಯ ಬಹುಪಾಲು ಕಾಯಿಲ್ ಮತ್ತು ನೆಲವನ್ನು ಬಿಸಿ ಮಾಡಲು ಹೋಗಿರುತ್ತದೆ. ಏನನ್ನೂ ಪ್ರಸಾರ ಮಾಡದೆ ಶಕ್ತಿಯನ್ನೆಲ್ಲ ಬಿಸಿ ಮಾಡಿ ಮುಗಿಸುವ ಡಮ್ಮಿ ಲೋಡ್ ಕೂಡ ಒಂದಕ್ಕೊಂದನ್ನೇ ತೋರಿಸುತ್ತದೆ.

ಹೋಟೆಲ್ ಬಾಲ್ಕನಿಯಲ್ಲಷ್ಟೇ ಕೂರುವವರಿಗೆ ಮ್ಯಾಗ್ನೆಟಿಕ್ ಲೂಪ್ (ಬಳೆಯಾಕಾರದ ಸಣ್ಣ ಆಂಟೆನಾ) ಇದೆ. ಫ್ರೀಕ್ವೆನ್ಸಿ ಸ್ವಲ್ಪ ಸರಿದರೂ ಮತ್ತೆ ಟ್ಯೂನ್ ಮಾಡುವ ತಾಳ್ಮೆ ಇದ್ದರೆ ಒಳ್ಳೆಯದು. ಹ್ಯಾಂಡಿ ಮಾತ್ರ ಇರುವವರು ರಬ್ಬರ್ ಆಂಟೆನಾ ಬಿಟ್ಟು 300 ಓಮ್‌ನ ಚಪ್ಪಟೆ ಟಿವಿ ಕೇಬಲ್‌ನಿಂದ ಜೆ-ಪೋಲ್ ಎಂಬ ಲಂಬ ಆಂಟೆನಾ ಮಾಡಿಕೊಳ್ಳಿ. ಸುರುಳಿ ಸುತ್ತಿದರೆ ಜೇಬಿಗೆ ಹೋಗುತ್ತದೆ, ಕೊಂಬೆಗೆ ನೇತುಹಾಕಿದರೆ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ಕೇಂದ್ರ) ಸಿಗುವ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಕೇಬಲ್ ಬಗ್ಗೆ ಇಷ್ಟು: ತೆಳ್ಳನೆಯ ಆರ್‌ಜಿ-174 ಹತ್ತು ಮೀಟರ್ ಉದ್ದ ಇದ್ದರೂ 7 ಮೆಗಾಹರ್ಟ್ಸ್‌ನಲ್ಲಿ ಚಿಂತೆಯಿಲ್ಲ, ಹ್ಯಾಂಡಿ ಬಳಸುವ 145 ಮೆಗಾಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಶಕ್ತಿ ಅಲ್ಲೇ ಮುಗಿಯುತ್ತದೆ. ಪರವಾನಗಿ ಜೊತೆಯಲ್ಲಿರಲಿ, ಅದರ ಷರತ್ತುಗಳನ್ನು ಓದಿಕೊಂಡಿರಿ, ಕಾಡಿಗೆ ಹೋಗುವುದಾದರೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಿ.

ಕೊನೆಗೆ ಬರುವ ಪ್ರಶ್ನೆ: "ರೆಡಿಮೇಡ್ ತಗೊಳ್ಳೋದಾ, ನಾವೇ ಮಾಡ್ಕೊಳ್ಳೋದಾ?" ಕೋಲು ಕೊಳ್ಳಿ, ಡೈಪೋಲ್ ಮಾಡಿಕೊಳ್ಳಿ. ಬೇಕಾಗುವುದು ಎಲೆಕ್ಟ್ರಿಕಲ್ ಅಂಗಡಿಯ ತೆಳ್ಳನೆಯ ತಂತಿ 20 ಮೀಟರ್‌ಗಿಂತ ಸ್ವಲ್ಪ ಹೆಚ್ಚು, ಕೇಬಲ್ ಸಿಕ್ಕಿಸಲು ಒಂದು ಬಿಎನ್‌ಸಿ ಸಾಕೆಟ್, ನಾಲ್ಕು ಬುಲೆಟ್ ಕನೆಕ್ಟರ್, ಒಂದು ಫೆರೈಟ್ ಉಂಗುರ, ಇನ್ಸುಲೇಟರಿಗೆ ಪ್ಲಾಸ್ಟಿಕ್ ತುಂಡು. ಹೊರಡುವ ಹಿಂದಿನ ವಾರ ಮನೆಯ ತಾರಸಿ ಮೇಲೆ ಒಮ್ಮೆ ಪೂರ್ತಿ ಕಟ್ಟಿ, ಅಳೆದು, ಒಂದು ಬೆಳಗಿನ ನೆಟ್‌ಗೆ (ನಿಗದಿತ ಹೊತ್ತಿಗೆ ಹ್ಯಾಮ್‌ಗಳು ರೇಡಿಯೋದಲ್ಲಿ ಸೇರುವ ಕೂಟಕ್ಕೆ) ಚೆಕ್-ಇನ್ ಮಾಡಿ. ಮೈಸೂರಿನವರು, ಹುಬ್ಬಳ್ಳಿಯವರು ನಿಮ್ಮ ಕಾಲ್‌ಸೈನ್ ಪೂರ್ತಿ ತೆಗೆದುಕೊಂಡು ರಿಪೋರ್ಟ್ ಕೊಟ್ಟರೆ, ಬಿಚ್ಚಿ ಸುತ್ತಿ ಬ್ಯಾಗಿಗೆ ಹಾಕಿ.