ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು?

ಪ್ರಶ್ನೆ ಇದು: "46 ವರ್ಷ ಆದ್ಮೇಲೆ ಆಟಿಸಂ ಇದೆಯಾ ಅಂತ ಪರೀಕ್ಷೆ ಮಾಡಿಸ್ಕೊಂಡು ಏನ್ ಮಾಡ್ತೀರಿ?" ಕೇಳುವವರು ಬದಲಾಗುತ್ತಾರೆ, ಧಾಟಿ ಮಾತ್ರ ಅದೇ. ಮೊದಮೊದಲು ಕೂತು ವಿವರಿಸುತ್ತಿದ್ದೆ, ಕಾಫಿ ಬೇರೆ ಮಾಡಿಕೊಟ್ಟು. ಈಗ ಆಗಲ್ಲ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ. ಕಾಫಿ ನೀವೇ ಮಾಡಿಕೊಳ್ಳಿ.

ಮೊದಲು "ಈ ವಯಸ್ಸಲ್ಲಿ" ಅನ್ನುವ ಮಾತು. ಇದನ್ನು ಕೇಳಿದ ನಮ್ಮ ದೊಡ್ಡಮ್ಮ 70 ದಾಟಿದ ಮೇಲೆ ಜಾತಕ ಹಿಡಿದುಕೊಂಡು ಹೋಗಿ ಸಾಡೇಸಾತಿ ಯಾವಾಗ ಮುಗಿಯುತ್ತೆ ಅಂತ ಕೇಳಿಸಿಕೊಂಡು ಬಂದವರು. ಅದಕ್ಕೆ ವಯಸ್ಸು ಅಡ್ಡ ಬರಲಿಲ್ಲ. ಎರಡನೆಯದು, "ನೋಡಿದ್ರೆ ಹಾಗೆ ಕಾಣಲ್ವಲ್ಲ". ಹೇಗೆ ಕಾಣಬೇಕಿತ್ತು? ಮೂರನೆಯದು, "ಇದು ಈಗ ಬಂತಾ?" ಆಟಿಸಂ ಚಿಕನ್‌ಗುನ್ಯಾ ಅಲ್ಲ, ಈಗ ಬರೋದಕ್ಕೆ. ಮಿದುಳು ಬೆಳೆಯುವ ರೀತಿಯೇ ಬೇರೆ ಇರುವುದು ಅದು, ಹುಟ್ಟಿನಿಂದಲೇ ಇರುತ್ತೆ. ನಾನು ಹುಟ್ಟಿದ್ದು 1979ರಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಟಿಸಂಗೆ ಬೇರೆಯೇ ಒಂದು ಜಾಗ ಸಿಕ್ಕಿದ್ದು 1980ರಲ್ಲಿ, ಅದೂ ಪುಟ್ಟ ಮಕ್ಕಳ ಕಾಯಿಲೆ ಅಂತ. ಮೈಸೂರಿನ ಕನ್ನಡ ಶಾಲೆಯಲ್ಲಿ ಒಳ್ಳೆ ಅಂಕ ತೆಗೆದು ಮೂಲೆಯಲ್ಲಿ ಕೂರುವ ಹುಡುಗಿಗೆ ಆ ಹೆಸರು ಇಡುವವರು ಯಾರಿದ್ದರು? ನಮ್ಮ ಮೇಷ್ಟ್ರು ನನಗಿಟ್ಟಿದ್ದ ಹೆಸರು "ಮೂಗಿ".

ಇದೆಲ್ಲ ಶುರುವಾಗಿದ್ದು ತಂಗಿಯ ಮಗನಿಂದ. ಮೂರು ವರ್ಷದ ಹಿಂದೆ ಅವನಿಗೆ ಆಟಿಸಂ ಇದೆಯಾ ಅಂತ ತೋರಿಸಲು ಕರೆದುಕೊಂಡು ಹೋದಾಗ ಫಾರಂ ತುಂಬಲು ಕೂತವಳು ನಾನು, ನನ್ನ ಅಕ್ಷರ ಚೆನ್ನಾಗಿದೆ ಅಂತ. ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನಾ, ದಿನಚರಿ ಬದಲಾದರೆ ಗಲಾಟೆ ಮಾಡುತ್ತಾನಾ, ಹೀಗೆ ಓದುತ್ತಾ ಓದುತ್ತಾ ಪೆನ್ನು ನಿಂತಿತು. ಆ ರಾತ್ರಿ ಇಂಟರ್ನೆಟ್ಟಿನಲ್ಲಿ ದೊಡ್ಡವರಿಗಾಗಿ ಮಾಡಿದ 50 ಪ್ರಶ್ನೆಗಳ ಪಟ್ಟಿಗೆ ಉತ್ತರ ಕೊಟ್ಟೆ. 32 ಅಂಕ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಯಾರಿಗಾದರೂ ತೋರಿಸಿ ಅನ್ನುತ್ತೆ ಅದು. ನನಗೆ 39. ಲೆಕ್ಕದಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ನಾನು ಅಷ್ಟು ಚೆನ್ನಾಗಿ ಪಾಸಾದವಳಲ್ಲ.

ಆಮೇಲೆ ಎರಡು ವರ್ಷ ಸುಮ್ನೆ ಕೂತೆ. ದುಡ್ಡು ಒಂದು ಕಾರಣ, ನಾಚಿಕೆ ಇನ್ನೊಂದು. ಇನ್ನೂ ಒಂದಿತ್ತು, ಯಾರಿಗೂ ಹೇಳಿರಲಿಲ್ಲ. ಡಾಕ್ಟರು "ಇಲ್ಲಮ್ಮ, ನಿಮಗೆ ಅಂಥದ್ದೇನೂ ಇಲ್ಲ" ಅಂದುಬಿಟ್ಟರೆ? ಆಗ ಮನೆಯವರು ಇಷ್ಟು ದಿನ ಹೇಳಿದ್ದೇ ಸರಿ ಅಂತಾಯ್ತು. ಸಿಡುಕಿ, ಜಂಭದವಳು, ಯಾರ ಮನೆಗೂ ಹೋಗಲ್ಲ, ಬಂದವರ ಜೊತೆ ನೆಟ್ಟಗೆ ಮಾತಾಡಲ್ಲ. ಹೋಗಬೇಕಾ ಬೇಡವಾ ಅಂತ ಈಗ ಯೋಚಿಸುತ್ತಿರುವವರು ನನಗೆ ಮೆಸೇಜ್ ಮಾಡುತ್ತಾರೆ. ಅವರಿಗೆ ನಾನು ಹೋಗಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಆ ಹೆದರಿಕೆ ನಿಮಗೂ ಇದ್ದರೆ ಅದು ವಿಚಿತ್ರ ಅಲ್ಲ, ಅಷ್ಟೇ.

ಸೌಲಭ್ಯಕ್ಕೋಸ್ಕರ ಮಾಡಿಸಿದಳು ಅಂತ ಆಫೀಸಿನಲ್ಲಿ ಒಬ್ಬರು ಹೇಳಿಕೊಂಡು ತಿರುಗುತ್ತಿದ್ದಾರಂತೆ. ಸ್ವಾಮಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ನಿಜ. ಆದರೆ ಮೀಸಲಾತಿಯಂಥ ದೊಡ್ಡ ಸೌಲಭ್ಯಗಳಿಗೆ ಕನಿಷ್ಠ 40 ಪರ್ಸೆಂಟ್ ಅಂಗವೈಕಲ್ಯ ಇದೆ ಅಂತ ಸರ್ಕಾರಿ ಸರ್ಟಿಫಿಕೇಟ್ ಬೇಕು, ಅದರ ದಾರಿಯೇ ಬೇರೆ. ನನ್ನ ಹತ್ತಿರ ಇರುವುದು ಆಟಿಸಂ ಇದೆ ಅನ್ನುವ ಡಾಕ್ಟರ ನಾಲ್ಕು ಪುಟದ ವರದಿ. ಬೀರುವಿನಲ್ಲಿ ಎಲ್‌ಐಸಿ ಪಾಲಿಸಿಗಳ ಕೆಳಗಿದೆ.

ಮೊದಲು ಹೋದ ಡಾಕ್ಟರು ಹತ್ತು ನಿಮಿಷದಲ್ಲಿ ಮುಗಿಸಿದರು. "ಮದುವೆ ಆಗಿದೆ, ಕೆಲಸದಲ್ಲಿದ್ದೀರಿ, ಎಲ್ಲಿಯ ಆಟಿಸಂ?" ಗಂಡ ಪಾಪ ಪಕ್ಕದಲ್ಲೇ ಕೂತಿದ್ದ, ತಾನೇ ಸಾಕ್ಷಿ ಅನ್ನುವ ಹಾಗೆ. ಎರಡನೆಯವರು ಬೇರೆ ಥರ. ಚಿಕ್ಕಂದಿನಲ್ಲೂ ಲಕ್ಷಣ ಇತ್ತಾ ಅಂತ ಗೊತ್ತಾಗದೆ ನಾನು ಏನೂ ಹೇಳಲ್ಲ, ಆಗ ನೋಡಿದವರನ್ನು ಕರ್ಕೊಂಡು ಬನ್ನಿ ಅಂದರು. ಹಾಗಾಗಿ 74 ವರ್ಷದ ಅಮ್ಮ ಬಂದಳು, ಒಳ್ಳೆ ಸೀರೆ ಉಟ್ಟು, ಮುಡಿಗೆ ಮಲ್ಲಿಗೆ ಮುಡಿದು.

ಹೆಣ್ಣು ನೋಡಲು ಬಂದವರಿಗೆ ಹೇಳುವ ಹಾಗೇ ಶುರು ಮಾಡಿದಳು. "ತುಂಬಾ ಒಳ್ಳೆ ಹುಡುಗಿ ಡಾಕ್ಟ್ರೇ. ಯಾರ ತಂಟೆಗೂ ಹೋದವಳಲ್ಲ. ಬೀದಿ ಮಕ್ಕಳ ಜೊತೆ ಆಟ ಅಂತ ಒಂದಿನ ಹೋಗ್ಲಿಲ್ಲ. ಬಸ್ಸಿನ ಟೈಮೆಲ್ಲ ಬಾಯಿಪಾಠ, ನಂಜನಗೂಡಿಗೆ ಎಷ್ಟೊತ್ತಿಗೆ, ಚಾಮರಾಜನಗರಕ್ಕೆ ಎಷ್ಟೊತ್ತಿಗೆ, ಎಲ್ಲಾ ಹೇಳೋಳು. ಅನ್ನಕ್ಕೆ ಸಾರು ತಾಗಿದ್ರೆ ಮುಟ್ತಿರ್ಲಿಲ್ಲ, ಅಷ್ಟು ಶಿಸ್ತು." ಅಮ್ಮ ಹೊಗಳುತ್ತಾ ಹೋದಳು, ಡಾಕ್ಟರು ಬರೆದುಕೊಳ್ಳುತ್ತಾ ಹೋದರು. ನನಗೆ ನಗು ತಡೆಯಲು ಆಗುತ್ತಿರಲಿಲ್ಲ.

ಬಟ್ಟೆ ಬಗ್ಗೆ ಕೇಳಿದಾಗ ಮಾತ್ರ ಅಮ್ಮ ಸ್ವಲ್ಪ ತಡವರಿಸಿದಳು. "ರೇಷ್ಮೆ ಲಂಗ ಹಾಕಿದ್ರೆ ರಂಪ ಮಾಡೋಳು. ಒಂದ್ಸಲ ಗೌರಿ ಹಬ್ಬಕ್ಕೆ ನಾನೇ ಎರಡು ಬಾರಿಸಿದ್ದೆ."

ಯಾಕೆ ಬೇಕಿತ್ತು ಅಂತ ಕೇಳಿದವರನ್ನು ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇನೆ. ಇಷ್ಟು ವರ್ಷ ಹೇಗಿತ್ತು ಅಂತ ಯಾರೂ ಕೇಳಲ್ಲ. ಛತ್ರದಲ್ಲಿ ವಾಲಗ, ಪಾತ್ರೆ ಸದ್ದು, ಮುನ್ನೂರು ಜನರ ಮಾತು, ಅದರ ನಡುವೆ ನಗುತ್ತಾ ನಿಂತು ಮನೆಗೆ ಬಂದು ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದೆ. ನಾಳೆ ಯಾರು ಸಿಕ್ಕರೆ ಏನು ಕೇಳಬೇಕು ಅಂತ ಹಿಂದಿನ ರಾತ್ರಿಯೇ ಬಾಯಿಪಾಠ ಮಾಡುತ್ತಿದ್ದೆ: ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ, ಮಳೆ ಹೇಗೆ. ಇಷ್ಟು ವರ್ಷ ಹೇಗಿತ್ತು ಅಂತ ಕೇಳಿ ನೋಡಿ, ಕಾಫಿ ನಾನೇ ಮಾಡಿಕೊಡುತ್ತೇನೆ.

ಅವತ್ತು ಆಟೋದಲ್ಲಿ ಬರುವಾಗ ಅರ್ಧ ದಾರಿಯವರೆಗೂ ಅಮ್ಮ ಮಾತಾಡಲಿಲ್ಲ. ಆಮೇಲೆ ರಸ್ತೆ ಕಡೆ ನೋಡುತ್ತಲೇ ಕೇಳಿದಳು.

"ಆ ಜರಿ ಲಂಗ ಚುಚ್ತಿತ್ತೇನೇ?"

"ಹೂಂ. ಸೊಂಟದ ಹತ್ರ."

"ಹೇಳ್ಬಾರ್ದಿತ್ತಾ?"

"ಹೇಳಿದ್ನಲ್ಲಮ್ಮ."

ಮನೆ ಹತ್ತಿರ ಇಳಿದಾಗ ಆಟೋದವನು 20 ರೂಪಾಯಿ ಜಾಸ್ತಿ ಕೇಳಿದ. ಅಮ್ಮ ಜಗಳ ಆಡದೆ ಕೊಟ್ಟಳು.