ಹಂಚಿನ ಬೆನ್ನ ಮೇಲಿನ ಹೆಸರು

ಮೊನ್ನೆ ಉಡುಪಿ ಕಡೆಯ ಶಿರ್ವದಲ್ಲಿ ನಮ್ಮ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ಮಾಡು ಬಿಚ್ಚಿಸಿದೆವು. ಹಂಚು ಹೊರುವ ಓರೆ ಮರಗಳಿಗೆ, ಪಕ್ಕಾಸಿಗೆ, ಗೆದ್ದಲು ಹಿಡಿದಿತ್ತು. ಮೇ ಕೊನೆಗೆ ಬರುವ ತುಳುವರ ಪತ್ತನಾಜೆಯೊಳಗೆ ಮುಗಿಸದಿದ್ದರೆ ಈ ಮಳೆಗಾಲ ತಡೆಯುವುದಿಲ್ಲ ಅಂದಿದ್ದರು ಮರಗೆಲಸದ ಆಚಾರ್ರು. ಇಳಿಸಿದ ಹಂಚು ತೊಳೆದು ಅಂಗಳದಲ್ಲಿ ಪೇರಿಸುವುದು ನನ್ನ ಪಾಲಿನ ಕೆಲಸ. ಅಡುಗೆಮನೆ ಕಡೆಯ ಒಂದು ಹಂಚಿನ ಮಸಿಯನ್ನು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದಾಗ ಬೆನ್ನ ಮೇಲೆ ಉಬ್ಬಕ್ಷರ ಕಂಡಿತು: ಬಾಸೆಲ್ ಮಿಷನ್, 1865.

ಮನೆಗೆ ನೂರೈವತ್ತು ದಾಟಿತಲ್ಲ ಎಂದು ಹಿಗ್ಗಿದೆ. "ಅದು ಕಾರ್ಖಾನೆ ಶುರುವಾದ ವರ್ಷ ಮಾರಾಯ, ಹಂಚು ಸುಟ್ಟದ್ದಲ್ಲ" ಎಂದರು ದೊಡ್ಡಮಾವ.

ಕರಾವಳಿ ಮನೆಯ ಚಿತ್ರ ಬರೆಯಿರಿ ಎಂದರೆ ಎಲ್ಲರೂ ಕೆಂಪು ಹಂಚನ್ನೇ ಬರೆಯುತ್ತಾರೆ. ನಮ್ಮ ಅಜ್ಜಿ ಹುಟ್ಟಿದ್ದು ಮಾತ್ರ ಮುಳಿಹುಲ್ಲಿನ ಮಾಡಿನಡಿ. ಹಂಚು ಬಂದದ್ದು ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯಲ್ಲಿ ಕಾರ್ಖಾನೆ ಹಾಕಿದ ಮೇಲೆ. ಮತಾಂತರವಾಗಿ ಕುಲಕಸುಬು, ಮನೆ-ಮಠ ಕಳಕೊಂಡವರಿಗೆ ದುಡಿಮೆ ಬೇಕಿತ್ತು. ಹೊಳೆಯಲ್ಲಿ ಒಳ್ಳೆಯ ಆವೆಮಣ್ಣು ಇತ್ತು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಅಂಚು ಯುರೋಪಿನದು. ಮಣ್ಣೂ ತುಳಿದ ಕಾಲುಗಳೂ ನಮ್ಮ ಊರಿನವೇ.

ಇಳಿಜಾರನ್ನು ಮಾತ್ರ ಅವರು ಕಲಿಸಬೇಕಾಗಿರಲಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ: ಕಲ್ಲಿನ ಚಪ್ಪಡಿಗಳನ್ನೇ ಮನೆ ಮಾಡಿನ ಹಾಗೆ ಓರೆಯಾಗಿ ಹೊದಿಸಿದ್ದಾರೆ. ಹುಲ್ಲಿನ ಮನೆಯಲ್ಲಿ ಬೆಳೆದ ಕೈಗಳೇ ಕಲ್ಲನ್ನೂ ಹಾಗೆ ಬಾಗಿಸಿರಬೇಕು ಎಂದು ನನಗೆ ಅಲ್ಲಿ ನಿಂತಾಗಲೆಲ್ಲ ಅನಿಸಿದೆ.

ಮಧ್ಯಾಹ್ನ ಪಡಸಾಲೆಯ ಹಂಚು ಇಳಿಯಿತು. ಅದರ ಬೆನ್ನಿಗೆ ಬೇರೆ ಹೆಸರು, ಕಾಮನ್‌ವೆಲ್ತ್. ಮೊದಲ ಮಹಾಯುದ್ಧದಲ್ಲಿ ಜರ್ಮನರು ಬ್ರಿಟಿಷರಿಗೆ ಶತ್ರುಗಳಾದರು, ಮಿಷನ್ನಿನ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಅಂದರೆ ನಮ್ಮ ಅಡುಗೆಮನೆ ಯುದ್ಧಕ್ಕೆ ಮೊದಲಿನದು, ಪಡಸಾಲೆ ಆಮೇಲಿನದು! ಎಲ್ಲಿಯದೋ ಯುದ್ಧ ನಮ್ಮ ಮಾಡಿನಲ್ಲಿ ಗೆರೆ ಎಳೆದು ಕೂತಿದೆ. ನಾನು ನಲವತ್ತು ವರ್ಷ ಅದರಡಿ ಮಲಗೆದ್ದಿದ್ದೇನೆ, ಗೊತ್ತೇ ಇರಲಿಲ್ಲ.

ಟೆರೇಸು ಹಾಕಿಬಿಡಿ, ಖರ್ಚು ಒಂದೇ ಎಂದವರು ಬಹಳ ಮಂದಿ. ದೊಡ್ಡಮ್ಮ ಒಪ್ಪಲಿಲ್ಲ. ಅಳಿಯಸಂತಾನದ ಮನೆ, ಹೆಂಗಸರ ಸಾಲಿನಲ್ಲಿ ಇಳಿದು ಬಂದದ್ದು. ಕೊನೆಯ ಮಾತು ಅವರದ್ದೇ. ಚಾವಡಿಯಲ್ಲಿ ದೈವದ ಮಂಚ ಇದೆ, ಅದರ ಮೇಲೆ ಮಾಡು ಇರಬೇಕು ಎಂದರು, ಅಷ್ಟೇ.

ನಿನ್ನೆ ಮತ್ತೆ ಹೊದಿಸಿದರು. ಜಗಲಿಯ ಕೊನೆಯ ಸಾಲಿನಲ್ಲಿ ಎರಡೂ ಹೆಸರಿನ ಹಂಚುಗಳನ್ನು ಅಕ್ಕಪಕ್ಕ ಇಡಿಸಿದೆ. ಸಂಜೆ ಅಕ್ಕನ ಮಗಳು ಕುರ್ಚಿ ಹತ್ತಿ, ಕತ್ತೆತ್ತಿ, ರೀಪಿನ ನಡುವೆ ಕಾಣುವಷ್ಟು ಅಕ್ಷರವನ್ನು ಕೂಡಿಸಿ ಓದುತ್ತಿದ್ದಳು.