ಮಿಸೋದಲ್ಲಿ ಬೆಂದ ಬಂಗುಡೆ

ದುಬೈಯಿಂದ ರಜೆಗೆ ಬಂದ ತಮ್ಮ ಈ ಸಲ ಟ್ಯಾಂಗ್ ಡಬ್ಬಿ, ಕೊಡಲಿ ಗುರುತಿನ ಎಣ್ಣೆಯ ಜೊತೆಗೆ ಒಂದು ಪ್ಯಾಕೆಟ್ ಜಪಾನಿನ ಮಿಸೋ ಕೂಡ ತಂದಿದ್ದ. ಅಮ್ಮ ಮೂಸಿ ನೋಡಿ, "ಇದು ಹಾಳಾಗಿದೆಯಲ್ಲ ಮಗಾ" ಅಂದರು. ಹಾಳಾದದ್ದಲ್ಲ, ಬೇಯಿಸಿದ ಸೋಯಾ ಕಾಳಿಗೆ ಉಪ್ಪು ಮತ್ತು ಕೋಜಿ ಎಂಬ ಬೂಷ್ಟು ಹಿಡಿಸಿದ ಅಕ್ಕಿ ಸೇರಿಸಿ ತಿಂಗಳುಗಟ್ಟಲೆ ಇಡುತ್ತಾರೆ ಎಂದೆ. ಬೂಷ್ಟು ಎಂದದ್ದೇ ತಪ್ಪಾಯಿತು. ಪ್ಯಾಕೆಟ್ ಒಂದು ವಾರ ಫ್ರಿಜ್ಜಿನ ಮೂಲೆ ಸೇರಿತು.

ಜುಲೈ ತಿಂಗಳು. ಕೇರಳದಲ್ಲಿ ದೊಡ್ಡ ಬೋಟುಗಳು ಬಲೆ ಎಳೆಯದ ಟ್ರಾಲಿಂಗ್ ನಿಷೇಧದ 52 ದಿನ ಇನ್ನೂ ಮುಗಿದಿರಲಿಲ್ಲ, ಸಿಗುವುದೆಲ್ಲ ಚಿಕ್ಕ ದೋಣಿಗಳ ಮೀನು. ಅಂಥದರಲ್ಲಿ ಒಂದು ಬೆಳಿಗ್ಗೆ ಸ್ಕೂಟರಿನ ಹಾರ್ನ್ ಕೇಳಿ ಗೇಟಿಗೆ ಓಡಿದರೆ ಮೀನು ಮಾರುವ ಇಚ್ಚನ ಪೆಟ್ಟಿಗೆಯಲ್ಲಿ ಹೊಳೆಯುವ ಬಂಗುಡೆ! ಬಂಗುಡೆಗೆ ಮಲಯಾಳದಲ್ಲಿ ಅಯಲ. "ಅಯಲ, ಕಸಬ ಕಡಲಿನದ್ದು, ಈಗಷ್ಟೇ ಬಂದದ್ದು" ಅಂದರು ಇಚ್ಚ. ಅಮ್ಮ ಯಾರ ಮಾತನ್ನೂ ನಂಬುವವರಲ್ಲ, ಕಿವಿರು ಎತ್ತಿ ಕೆಂಪು ನೋಡಿಯೇ ತೆಗೆದುಕೊಂಡರು. ಬಂಗುಡೆ ಬದುಕಿದ್ದಾಗಲೇ ಕೊಳೆಯಲು ಶುರುವಾಗುತ್ತದೆ ಅಂತ ಜಪಾನಿನಲ್ಲೂ ಒಂದು ಮಾತಿದೆ. ಹಾಗೆ ನೋಡಿದರೆ ಅಲ್ಲಿಯ ಅಮ್ಮಂದಿರೂ ಕಿವಿರು ಎತ್ತುವವರೇ ಇರಬೇಕು.

ಅರ್ಧ ಅಮ್ಮನ ಹುಳಿಖಾರದ ಪುಳಿಮುಂಚಿಗೆ, ಅರ್ಧ ನನ್ನ ಮಿಸೋ ಅಡುಗೆಗೆ ಎಂದು ಪಾಲಾಯಿತು.

ಜಪಾನಿನವರು ಮಾಡುವ ಕ್ರಮ ಹೀಗೆ: ಚರ್ಮಕ್ಕೆ ಗೀರು ಹಾಕಿ, ತುಂಡುಗಳ ಮೇಲೆ ಬಿಸಿನೀರು ಸುರಿದು, ಮೇಲ್ಮೈ ಬೆಳ್ಳಗಾದ ಕೂಡಲೇ ತಣ್ಣೀರಿನಲ್ಲಿ ತೊಳೆಯುವುದು. ರಕ್ತ, ಲೋಳೆ, ಹಸಿ ವಾಸನೆ ಎಲ್ಲ ಅದರಲ್ಲೇ ಹೋಗುತ್ತದೆ. ಆಮೇಲೆ ಶುಂಠಿ, ಸಕ್ಕರೆ, ಸಾಕೆ ಎಂಬ ಅಕ್ಕಿ ಮದ್ಯ, ನೀರು ಕುದಿಸಿ ಮೀನನ್ನು ಒಂದೇ ಪದರದಲ್ಲಿ ಇಡಬೇಕು. ನಮ್ಮ ಮನೆಯಲ್ಲಿ ಸಾಕೆ ಎಲ್ಲಿಂದ ಬರಬೇಕು? ಶುಂಠಿ ಜಾಸ್ತಿ ಹಾಕಿದೆ, ಸಕ್ಕರೆಯ ಬದಲು ಬೆಲ್ಲ. ಮೀನಿನ ಮೇಲೆಯೇ ಕೂರುವ ಒಂದು ಚಿಕ್ಕ ಮುಚ್ಚಳ ಬೇಕು. ಇದ್ದಷ್ಟೇ ರಸ ಕುದಿದು ಮುಚ್ಚಳಕ್ಕೆ ತಾಗಿ ಮೀನಿನ ಮೇಲೇ ಬೀಳುತ್ತದೆ, ಸೌಟು ಹಾಕಿ ತಿರುಗಿಸುವ ಕೆಲಸವಿಲ್ಲ. ಹಿತ್ತಿಲಿಂದ ಬಾಳೆಲೆ ತಂದು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ ಮುಚ್ಚಿದೆ. ಅಮ್ಮ ಆಗ ಮಾತ್ರ ಹತ್ತಿರ ಬಂದು ನೋಡಿದರು.

ಜಪಾನಿನ ಬಂಗುಡೆ ಬೇರೆ ಜಾತಿ, ದಪ್ಪ ಮಾಂಸದ್ದು. ನಮ್ಮದು ಚಿಕ್ಕದು, ಬೇಗ ಬೇಯುತ್ತದೆ. ಅಷ್ಟು ಲೆಕ್ಕ ಹಾಕಿದವಳು ಕೈಯ ಅಭ್ಯಾಸವನ್ನು ಮಾತ್ರ ಮರೆತಿದ್ದೆ. ತೊಳೆಯುವಾಗಲೇ ಎಂದಿನಂತೆ ಉಪ್ಪು ಉಜ್ಜಿಟ್ಟಿದ್ದೆ. ಕೊನೆಗೆ ಮಿಸೋ ಕರಗಿಸಿ ಸುರಿದು, ರುಚಿ ನೋಡಿದರೆ ಕಣ್ಣಲ್ಲಿ ನೀರು!

ಆದರೂ ಉಪ್ಪಿನ ಹಿಂದೆ ಏನೋ ಒಂದು ನಾಲಿಗೆಯಲ್ಲಿ ಉಳಿಯಿತು. 1908ರಲ್ಲಿ ಕಿಕುನಾಯೆ ಇಕೆದಾ ಎಂಬ ರಸಾಯನ ವಿಜ್ಞಾನಿ ಕೊಂಬು ಎಂಬ ಕಡಲ ಪಾಚಿಯ ಸಾರಿನಲ್ಲಿ ಹುಡುಕಿ ಉಮಾಮಿ ಎಂದು ಹೆಸರಿಟ್ಟ ರುಚಿ ಅದೇ. ಒಣಮೀನಿನ ಚಟ್ನಿ ನೆಕ್ಕಿ ಬೆಳೆದ ನನಗೆ ಅದು ಹೊಸತೇನೂ ಅನ್ನಿಸಲಿಲ್ಲ.

ಅಮ್ಮ ಒಂದು ಚೂರು ಬಾಯಿಗಿಟ್ಟು, "ಉಪ್ಪಾಯ್ತು. ಗಂಜಿಗೆ ಆದೀತು" ಅಂದರು. ರಾತ್ರಿ ಕುಚ್ಚಲಕ್ಕಿ ಗಂಜಿಗೆ ಆಯಿತು ಕೂಡ. ಉಳಿದ ಗೊಜ್ಜಿಗೆ ಮರುದಿನ ಅವರೇ ನನ್ನನ್ನು ಕೇಳದೆ, ಕಡೆದ ಒಣಮೆಣಸು ಮತ್ತು ತೆಂಗಿನ ಹಾಲು ಹಾಕಿ ಕುದಿಸಿದರು. ನೀರುದೋಸೆ ಅದ್ದಿ ತಿನ್ನುತ್ತ ತಮ್ಮ, "ಇವತ್ತಿನದೇ ಜೋರುಂಟು" ಅಂದ. ನನಗೆ ಸ್ವಲ್ಪ ಉರಿಯಿತು, ಮೆಣಸಿನದ್ದಲ್ಲ.